ಆತಕೂರಿನ ಕಲ್ಲು: ದೇಗುಲ ಕಾಣಹೊರಟವನಿಗೊಂದು ನೆನಪು

ತೀರ್ಥಯಾತ್ರೆಯ ಹಂಬಲ ನಮ್ಮ ಜನಕ್ಕೆ ಹೊಸದಲ್ಲ. ಸುಗ್ಗಿ ಮುಗಿದು, ಕಬ್ಬಿನ ಹಣ ಕೈಸೇರಿ, ಮನೆಯ ಹೊಣೆಗಾರಿಕೆಗಳು ಒಂದು ನೆಲೆಗೆ ಬಂದ ಮೇಲೆ ಕಾಶಿ, ರಾಮೇಶ್ವರ, ಶ್ರೀಶೈಲಗಳತ್ತ ಮನಸ್ಸು ಹರಿಯುವುದು ಸಹಜವೇ ಆಗಿದೆ. ಶಿಲ್ಪದ ಸೊಬಗನ್ನು ಕಾಣಬಯಸುವವರು ಬೇಲೂರು, ಹಳೇಬೀಡು, ಸೋಮನಾಥಪುರಗಳಿಗೆ ಹೋಗುತ್ತಾರೆ. 2023ರಲ್ಲಿ ಈ ಮೂರು ಕಡೆಯ ಹೊಯ್ಸಳ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಕನ್ನಡಿಗರೆಲ್ಲರೂ ಹೆಮ್ಮೆಪಡಬೇಕಾದ ಸಂಗತಿ. ಆದರೆ ಯಾತ್ರೆಯಿಂದ ಮರಳಿದವರನ್ನು, "ಅಲ್ಲಿ ಏನು ಕಂಡಿರಿ?" ಎಂದು ಕೇಳಿದರೆ ಬರುವ ಉತ್ತರ ಬಹುಮಟ್ಟಿಗೆ ಒಂದೇ: ದರ್ಶನ ಚೆನ್ನಾಗಿ ಆಯಿತು, ನೂಕುನುಗ್ಗಲು ಹೆಚ್ಚು, ಪ್ರಸಾದ ಸಿಕ್ಕಿತು. ಆ ಗುಡಿಯನ್ನು ಕಟ್ಟಿಸಿದವರು ಯಾರು, ದೀಪಕ್ಕೆ ಎಣ್ಣೆ ಎಲ್ಲಿಂದ ಬರುತ್ತಿತ್ತು, ಬಾಗಿಲ ಬಳಿ ನಿಂತಿದ್ದ ಬರಹದ ಕಲ್ಲಿನಲ್ಲಿ ಏನಿತ್ತು ಎಂಬ ಪ್ರಶ್ನೆಗಳು ನಮ್ಮ ಮನಸ್ಸಿನಲ್ಲಿ ಏಳುವುದೇ ಅಪರೂಪ. ದೂರದ ಗುಡಿಗಳ ಮಾತು ಹಾಗಿರಲಿ, ನಮ್ಮ ಹೋಬಳಿಯ ಗುಡಿಗಳ ವಿಷಯದಲ್ಲಿಯೂ ನಾವು ಇಷ್ಟೇ ಉದಾಸೀನರು.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಭಾರತೀನಗರವಿದೆ. ಹಳಬರ ಬಾಯಲ್ಲಿ ಅದು ಇಂದಿಗೂ ಕಾಳಮುದ್ದನದೊಡ್ಡಿ, ಬಸ್ಸಿನ ಹಲಗೆಯ ಮೇಲೆ ಕೆ.ಎಂ. ದೊಡ್ಡಿ. ಕಬ್ಬಿನ ಗದ್ದೆ, ಸಕ್ಕರೆ ಕಾರ್ಖಾನೆ, ವಿದ್ಯಾಸಂಸ್ಥೆಗಳಿಂದ ಹೆಸರಾದ ಈ ಊರಿಗೆ ಪ್ರಾಚೀನ ದೇವಾಲಯಗಳ ಕೀರ್ತಿಯೇನೂ ಇಲ್ಲ. ಆದಕಾರಣ ಇತಿಹಾಸವೆಂಬುದು ಇಲ್ಲಿಂದ ಬಹುದೂರದಲ್ಲೆಲ್ಲೋ ಇದೆಯೆಂದು ಇಲ್ಲಿನವರು ಭಾವಿಸಿದರೆ ಆಶ್ಚರ್ಯವಿಲ್ಲ. ಆದರೆ ಇದೇ ಮದ್ದೂರು ತಾಲ್ಲೂಕಿನಲ್ಲಿ, ಭಾರತೀನಗರದ ಸೀಮೆಯಲ್ಲಿಯೇ, ಇಂದು ಆತಗೂರು ಎಂದು ಕರೆಯಲ್ಪಡುವ ಗ್ರಾಮವೊಂದಿದೆ. ದಕ್ಷಿಣ ಭಾರತದ ಇತಿಹಾಸವನ್ನು ಬರೆದ ಯಾವ ವಿದ್ವಾಂಸನೂ ಈ ಊರಿನ ಹೆಸರನ್ನು ಬಿಟ್ಟು ಮುಂದಕ್ಕೆ ಹೋಗಿಲ್ಲ. ಇತಿಹಾಸಗ್ರಂಥಗಳಲ್ಲಿ ಅದರ ಹೆಸರು ಆತಕೂರು.

ಆತಕೂರಿನ ಕೀರ್ತಿಗೆ ಕಾರಣ ಅಲ್ಲಿನ ಚಲ್ಲೇಶ್ವರ ದೇವಾಲಯದ ಮುಂದೆ ನಿಲ್ಲಿಸಲಾಗಿದ್ದ ಒಂದು ಕಲ್ಲು. ಕಲ್ಲಿನ ಮೇಲ್ಭಾಗದಲ್ಲಿ ಒಂದು ನಾಯಿಯೂ ಒಂದು ಕಾಡುಹಂದಿಯೂ ಎದುರುಬದುರಾಗಿ ಹೋರಾಡುತ್ತಿರುವ ಉಬ್ಬುಚಿತ್ರ. ಅದರ ಸುತ್ತಲೂ ಕೆಳಗೂ ಹಳಗನ್ನಡದ ಬರಹ. ಕಾಲ ಶಕವರ್ಷ 872, ಸೌಮ್ಯ ಸಂವತ್ಸರ, ಎಂದರೆ ಕ್ರಿ.ಶ. 949-50. ಪಂಪನು ತನ್ನ ಕಾವ್ಯಗಳನ್ನು ಬರೆದು ಇನ್ನೂ ಒಂದು ದಶಕವೂ ಪೂರ್ತಿಯಾಗಿ ಕಳೆದಿರದ ದಿನಗಳು ಅವು.

ಆ ಬರಹದ ಸಾರವಿಷ್ಟು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣ, ಶಾಸನದ ಮಾತಿನಲ್ಲಿ ಕನ್ನರದೇವ, ಚೋಳ ರಾಜಾದಿತ್ಯನ ಮೇಲೆ ದಂಡೆತ್ತಿ ಹೋದನು. ಈಗಿನ ತಮಿಳುನಾಡಿನ ಅರಕ್ಕೋಣದ ಸಮೀಪದ ತಕ್ಕೋಲದಲ್ಲಿ ಘೋರ ಯುದ್ಧ ನಡೆಯಿತು. ರಾಜಾದಿತ್ಯನು ಒಂದನೆಯ ಪರಾಂತಕ ಚೋಳನ ಮಗ. ಕೃಷ್ಣನ ಪಕ್ಷದಲ್ಲಿ ಗಂಗ ದೊರೆ ಇಮ್ಮಡಿ ಬೂತುಗನಿದ್ದನು, ಬೂತುಗನ ಸೇನೆಯಲ್ಲಿ ಮಣಲೆರನೆಂಬ ವೀರನಿದ್ದನು. ರಾಜಾದಿತ್ಯನು ಬೂತುಗನ ಕೈಯಲ್ಲಿ ಮಡಿದನು. ಸಂತುಷ್ಟನಾದ ಚಕ್ರವರ್ತಿ ಬೂತುಗನಿಗೆ ಬನವಾಸಿ ಪನ್ನಿರ್ಛಾಸಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು ಎಂಬ ವಿಶಾಲ ನಾಡುಗಳನ್ನು ಕೊಟ್ಟನು. ಬೂತುಗನು ತನ್ನ ಬಂಟನಾದ ಮಣಲೆರನ ಶೌರ್ಯಕ್ಕೆ ಮೆಚ್ಚಿ, ಬೇಕಾದುದನ್ನು ಬೇಡೆಂದನು.

ಮಣಲೆರನು ಬೇಡಿದ್ದು ನಾಡನ್ನಲ್ಲ, ಹೊನ್ನನ್ನಲ್ಲ. ಒಡೆಯನ ಬಳಿಯಿದ್ದ ಕಾಳಿ ಎಂಬ ಬೇಟೆನಾಯಿಯನ್ನು.

ಬೇಡಿದ್ದು ಅವನಿಗೆ ದೊರೆಯಿತು. ಆ ಬಳಿಕ ಕೆಳಲೆನಾಡಿನ ಬೆಳತೂರಿನ ಪಡುವಣ ದಿಕ್ಕಿನ ಗುಡ್ಡದಲ್ಲಿ ಒಂದು ಭಾರಿ ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ಕಾಳಿ ಹಿಮ್ಮೆಟ್ಟಲಿಲ್ಲ. ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲನ್ನು ನಿಲ್ಲಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗದ ಮಣ್ಣನ್ನು ದತ್ತಿಯಾಗಿ ಬಿಡಲಾಯಿತು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಎರಡು ಖಂಡುಗ ಬಿತ್ತನೆ ಹಿಡಿಯುವ ಕೆರೆಯ ಕೆಳಗಿನ ಭೂಮಿ ಅಂದಿಗೂ ಇಂದಿಗೂ ಅಲ್ಪವಾದ ಕೊಡುಗೆಯಲ್ಲ. ಮಣಲೆರನಿಗೆ ಬೂತುಗನಿಂದ 'ಬಾಳ್ಗಚ್ಚು' ಆಗಿ ಆತಕೂರು ಹನ್ನೆರಡು ದೊರೆಯಿತೆಂದು ಅದೇ ಕಲ್ಲು ಹೇಳುತ್ತದೆ. ಬಾಳ್ ಎಂದರೆ ಕತ್ತಿ, ಕರ್ಚು ಎಂದರೆ ತೊಳೆ. ಯುದ್ಧದಲ್ಲಿ ನೆತ್ತರಾದ ಕತ್ತಿಯನ್ನು ತೊಳೆದು ಗೌರವಿಸಿ ಕೊಡುವ ಭೂಮಿಯೇ ಬಾಳ್ಗಚ್ಚು. ಇಂದು ನಮ್ಮ ನುಡಿಯಿಂದ ಮರೆಯಾಗಿರುವ ಇಂಥ ಎಷ್ಟೋ ಪದಗಳನ್ನು ಕಲ್ಲುಗಳು ನಮಗಾಗಿ ಕಾಪಾಡಿವೆ.

ತಕ್ಕೋಲದ ಯುದ್ಧದ ಫಲ ಸಾಮಾನ್ಯವಾದುದಲ್ಲ. ಏರುತ್ತಿದ್ದ ಚೋಳರ ಬಲವನ್ನು ಅದು ಕೆಲವು ದಶಕಗಳ ಕಾಲ ತಗ್ಗಿಸಿತು. ಅಂತಹ ಯುದ್ಧದ ವಿವರಗಳನ್ನು ಇತಿಹಾಸಕಾರರಿಗೆ ಒದಗಿಸಿದ್ದು ಚಕ್ರವರ್ತಿಯ ರಾಜಧಾನಿಯಲ್ಲ, ನಮ್ಮ ಕೆರೆಯ ಕೆಳಗಿನ ಹಳ್ಳಿಯಲ್ಲಿ ಒಂದು ನಾಯಿಗಾಗಿ ನೆಟ್ಟ ಕಲ್ಲು!

ಈ ಕಲ್ಲನ್ನು ಓದಿದ ಕಥೆಯೂ ಸ್ವಾರಸ್ಯವಾಗಿದೆ. ಬಿ. ಎಲ್. ರೈಸ್ ಅವರು ಮೈಸೂರು ಸಂಸ್ಥಾನದ ಶಾಸನಗಳನ್ನು ಊರೂರು ಅಲೆದು ಸಂಗ್ರಹಿಸಿ 'ಎಪಿಗ್ರಾಫಿಯಾ ಕರ್ನಾಟಿಕ' ಎಂಬ ಸಂಪುಟಗಳಲ್ಲಿ ಪ್ರಕಟಿಸಿದರು. ಈ ಸೀಮೆಯ ಶಾಸನಗಳಿರುವ ಮೂರನೆಯ ಸಂಪುಟ ಹೊರಬಂದದ್ದು 1894ರಲ್ಲಿ. ಜೆ. ಎಫ್. ಫ್ಲೀಟ್ ಅವರೂ ಆತಕೂರಿನ ಬರಹವನ್ನು ಸಂಪಾದಿಸಿದರು. ರಾಜಾದಿತ್ಯನು ಸತ್ತ ಬಗೆಯನ್ನು ಹೇಳುವ ಸಾಲನ್ನು ಮೊದಲಲ್ಲಿ ಬೂತುಗನು ಮೋಸದಿಂದ, ಕಳ್ಳನಂತೆ ಕೊಂದನೆಂಬರ್ಥ ಬರುವಂತೆ ಓದಲಾಗಿತ್ತು. ಮುಂದೆ ಅಕ್ಷರಗಳನ್ನು ಮರಳಿ ಪರಿಶೀಲಿಸಿದಾಗ ಅಲ್ಲಿರುವುದು ಕಳ್ಳನ ಮಾತಲ್ಲ, 'ಕಳ'ದ ಮಾತು, ಅಂದರೆ ರಣಕಳದ ಮಾತು ಎಂದು ತಿಳಿಯಿತು. ಆನೆಯ ಮೇಲಿನ ಅಂಬಾರಿಯನ್ನೇ ರಣಕಳವಾಗಿಸಿಕೊಂಡು ಬೂತುಗನು ಸುರಗಿಯಿಂದ ಇರಿದನೆಂಬುದು ಸರಿಯಾದ ಅರ್ಥ. ರಾಜಾದಿತ್ಯನು ಆನೆಯ ಮೇಲೆಯೇ ಮಡಿದನೆಂದು ಚೋಳರ ಕಡೆಯ ದಾಖಲೆಗಳೂ ಹೇಳುವುದರಿಂದ ಈ ಓದಿಗೆ ಶತ್ರುಪಕ್ಷದ ಸಾಕ್ಷ್ಯವೂ ದೊರೆತಂತಾಯಿತು. ಒಂದು ಒತ್ತಕ್ಷರ ಹೆಚ್ಚಾದರೆ ವೀರನೊಬ್ಬ ವಂಚಕನಾಗುತ್ತಾನೆ! ಕಲ್ಲಿನ ಅಕ್ಷರಗಳ ಮೇಲೆ ಬಣ್ಣ ಬಳಿಯುವವರು, ಅದರ ಮೇಲೆ ಅರಿವೆ ಒಗೆಯುವವರು ಈ ಮಾತನ್ನು ಒಂದು ಗಳಿಗೆ ಆಲೋಚಿಸಬೇಕು.

ಇಷ್ಟೆಲ್ಲ ಇದ್ದರೂ, ಆತಕೂರಿನ ಶಾಸನದಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದುದು ಯುದ್ಧದ ವರ್ಣನೆಯಲ್ಲ, ಅದರ ಒಂದು ಕಟ್ಟಳೆ. ದತ್ತಿಯ ಭೂಮಿಯನ್ನು ಕೆಡಿಸಿದವನು ಉಳುವ ಒಕ್ಕಲಾಗಿರಲಿ, ನಾಡನ್ನಾಳುವವನಾಗಿರಲಿ, ಊರನ್ನಾಳುವವನಾಗಿರಲಿ, ಆ ನಾಯಿಯ ಪಾಪಕ್ಕೆ ಗುರಿಯಾಗುತ್ತಾನೆ. ಅಷ್ಟೇ ಅಲ್ಲ, ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಆ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೂ ಅದೇ ಪಾಪ. ಗೊರವನೆಂದರೆ ಶೈವ ತಪಸ್ವಿ. ಚಲ್ಲೇಶ್ವರನ ಪೂಜೆ ಅವನ ಹೊಣೆ. ಒಳಗಿನ ಲಿಂಗಕ್ಕೆ ಪೂಜೆ ಸಲ್ಲಿಸಿದರೆ ಅವನ ಕೆಲಸ ಮುಗಿಯುವುದಿಲ್ಲ. ಹೊರಗೆ ಬಂದು, ಹಂದಿಯೊಡನೆ ಹೋರಾಡಿ ಸತ್ತ ನಾಯಿಯ ಕಲ್ಲಿಗೆ ಹೂವಿಟ್ಟ ಮೇಲೆಯೇ ಅವನು ಊಟಕ್ಕೆ ಕೂರಬೇಕು. ಲಿಂಗಪೂಜೆಯಿಲ್ಲದೆ ತುತ್ತೆತ್ತದ ನಿಯಮವನ್ನು ಬಲ್ಲ ನಮ್ಮ ಓದುಗರಿಗೆ ಈ ಕಟ್ಟಳೆಯ ತೂಕವನ್ನು ವಿವರಿಸಬೇಕಾದ ಅಗತ್ಯವಿಲ್ಲ. ಪೂಜೆ ಎಂಬುದು ಇಲ್ಲಿ ಒಂದು ಋಣವನ್ನು ದಿನದಿನವೂ ನೆನೆಯುವ ಬಗೆ. ಜೀವವನ್ನು ಕೊಟ್ಟದ್ದು ಮೂಕಪ್ರಾಣಿಯಾದರೂ ಆ ಋಣ ಸಣ್ಣದಲ್ಲವೆಂದು ಆ ಕಾಲದ ಜನ ತಿಳಿದಿದ್ದರು.

ಗೊರವನ ಮಾತು ಬಂದುದರಿಂದ ಪ್ರಾಚೀನ ದೇವಾಲಯ ಎಂದರೆ ಏನಾಗಿತ್ತು ಎಂಬುದನ್ನು ಸ್ವಲ್ಪ ವಿಚಾರಿಸಬೇಕು. ಶಾಸನಗಳಲ್ಲಿ ಬರುವ 'ಸ್ಥಾನ' ಎಂಬ ಪದಕ್ಕೆ ಗರ್ಭಗುಡಿ, ನವರಂಗಗಳಷ್ಟೇ ಅರ್ಥವಲ್ಲ. ಗುಡಿ, ಅದಕ್ಕೆ ಸೇರಿದ ಗದ್ದೆ, ತೋಟ, ಅದನ್ನು ನಡೆಸುವ ಆಚಾರ್ಯ, ಅಲ್ಲಿ ಉಣ್ಣುವ ಜನ ಎಲ್ಲವೂ ಸೇರಿದ ಒಂದು ಸಂಸ್ಥೆ ಅದು. ಮಠದ ಅನ್ನ ಉಂಡು ಓದಿದವರಿಗೆ ಬಳ್ಳಿಗಾವಿಯ ಕೋಡಿಯಮಠದ ಉದಾಹರಣೆಯನ್ನು ಹೇಳಲೇಬೇಕು. ಈಗಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿರುವ ಆ ಕಾಳಾಮುಖ ಮಠದ 1162ರ ಶಾಸನ ಕಲಚುರಿ ಬಿಜ್ಜಳನ ಕಾಲದ್ದು, ಎಂದರೆ ಶರಣರ ಕಾಲದ್ದೇ. ಅಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿತ್ತು. ದೀನರು, ಕುರುಡರು, ಕುಂಟರು, ಕಿವುಡರಿಗೆ ಅನ್ನ ದೊರೆಯುತ್ತಿತ್ತು. ರೋಗಿಗಳಿಗೆ ಚಿಕಿತ್ಸೆಯೂ ಇತ್ತೆಂದು ಆ ಶಾಸನ ವಿವರವಾಗಿ ಹೇಳುತ್ತದೆ. ಅಂತಹ ಗುಡಿಯ ಮುಂದೆ ನಿಂತು ಶಿಖರದ ಎತ್ತರವನ್ನಷ್ಟೇ ಕಂಡು ಬರುವವನು ಮನೆಯ ಹೆಂಚನ್ನು ನೋಡಿ ಮನೆಯವರನ್ನು ಮಾತನಾಡಿಸದೆ ಮರಳಿದವನಂತೆ.

ಈ ದೃಷ್ಟಿಯನ್ನಿಟ್ಟುಕೊಂಡು ಆತಕೂರಿನಿಂದ ಮುಂದಕ್ಕೆ ಹೊರಟರೆ, ಒಂದೆರಡು ದಿನಗಳ ಪ್ರವಾಸದಲ್ಲಿಯೇ ಮೂರು ಶತಮಾನಗಳ ಇತಿಹಾಸ ಕಣ್ಣೆದುರು ಬಿಚ್ಚಿಕೊಳ್ಳುತ್ತದೆ. ತಕ್ಕೋಲದಲ್ಲಿ ಸೋತ ಚೋಳರು ಸುಮ್ಮನೆ ಕೂರಲಿಲ್ಲ. ಸುಮಾರು ಅರ್ಧ ಶತಮಾನದ ಬಳಿಕ, ರಾಜರಾಜನ ಕಾಲದಲ್ಲಿ, ಅವರ ಸೇನೆ ಕಾವೇರಿಯ ದಡಕ್ಕೆ ಬಂದು ಗಂಗರ ತಲಕಾಡನ್ನು ವಶಪಡಿಸಿಕೊಂಡಿತು. ತಲಕಾಡಿಗೆ ರಾಜರಾಜಪುರವೆಂಬ ಹೆಸರಾಯಿತು. ಆ ಕಾಲದ ಗುರುತನ್ನು ಮಳವಳ್ಳಿಯ ಪಕ್ಕದ ಮಾರೇಹಳ್ಳಿಯಲ್ಲಿ ಕಾಣಬಹುದು. ಅಲ್ಲಿನ ಲಕ್ಷ್ಮೀನರಸಿಂಹ ದೇವಾಲಯದ ತಮಿಳು ಶಾಸನಗಳು ಅದನ್ನು ರಾಜಾಶ್ರಯ ವಿಣ್ಣಗರವೆಂದು ಕರೆಯುತ್ತವೆ. ರಾಜಾಶ್ರಯ ಎಂಬುದು ರಾಜರಾಜನ ಬಿರುದು. ಕನ್ನಡ ನಾಡಿನ ನಡುವೆ ತಮಿಳು ಬರಹವೇಕೆ ಎಂದು ಬೆರಗಾಗುವ ಯಾತ್ರಿಕನಿಗೆ ಉತ್ತರ ಆತಕೂರಿನ ಕಲ್ಲಿನಿಂದಲೇ ಆರಂಭವಾಗುತ್ತದೆ.

ಮಳವಳ್ಳಿಯಿಂದ ಕಾವೇರಿಯ ದಡಕ್ಕೆ ಹೋದರೆ ತಲಕಾಡು. ಪಂಚಲಿಂಗ ದರ್ಶನದ ಸಮಯದಲ್ಲಿ ಇಲ್ಲಿ ಸೇರುವ ಜನಸಾಗರವನ್ನು ಎಲ್ಲರೂ ಬಲ್ಲರು. 2013ರ ಬಳಿಕ ಆ ಯೋಗ 2020ರ ಡಿಸೆಂಬರಿನಲ್ಲಿ ಒದಗಿತ್ತು. ಆದರೆ ಜನಸಂದಣಿಯಿಲ್ಲದ ಸಾಮಾನ್ಯ ದಿನದಲ್ಲಿ ಮರಳಿನ ದಿಬ್ಬಗಳ ನಡುವೆ ನಡೆದು ಕೀರ್ತಿನಾರಾಯಣನ ಗುಡಿಯ ಮುಂದೆ ನಿಂತರೆ ಬೇರೆಯೇ ಒಂದು ಅರಿವು ಮೂಡುತ್ತದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಚೋಳರ ಸಾಮಂತ ಅದಿಯಮನನ್ನು ಸೋಲಿಸಿ ತಲಕಾಡನ್ನು ಗೆದ್ದನು. ದೊರೆಗೆ 'ತಲಕಾಡುಗೊಂಡ' ಎಂಬ ಬಿರುದು ಬಂದಿತು. ಆ ಗೆಲವಿನ ನೆನಪಿಗೆ 1117ರಲ್ಲಿ ಕೀರ್ತಿನಾರಾಯಣನ ಪ್ರತಿಷ್ಠೆಯಾಯಿತು. ಹೀಗೆ ಗಂಗರು, ಚೋಳರು, ಹೊಯ್ಸಳರು ಒಬ್ಬರನ್ನೊಬ್ಬರು ಗೆಲ್ಲುತ್ತ ಹೋದಂತೆ ಅವರ ಗುಡಿಗಳು ಪಕ್ಕಪಕ್ಕದಲ್ಲಿಯೇ ಉಳಿದವು. ಗೆದ್ದವನೂ ಸೋತವನೂ ಇಂದಿಲ್ಲ. ಕಾವೇರಿಯ ಮರಳು ಇಬ್ಬರ ಗುಡಿಗಳ ಮೇಲೆಯೂ ಸಮನಾಗಿ ಸುರಿದಿದೆ.

ಮರಳಿ ಬಡಗಣ ದಿಕ್ಕಿಗೆ ತಿರುಗಿ ಮಂಡ್ಯ ತಾಲ್ಲೂಕಿನ ಬಸರಾಳಿಗೆ ಬಂದರೆ ಹೊಯ್ಸಳ ಶಿಲ್ಪಕಲೆಯ ಪ್ರೌಢಾವಸ್ಥೆಯನ್ನು ಕಾಣುತ್ತೇವೆ. ಇಮ್ಮಡಿ ನರಸಿಂಹನ ಕಾಲದಲ್ಲಿ ಹರಿಹರ ದಣ್ಣಾಯಕನು 1234ರ ಸುಮಾರಿನಲ್ಲಿ ಕಟ್ಟಿಸಿದ ಮಲ್ಲಿಕಾರ್ಜುನ ದೇವಾಲಯ ತ್ರಿಕೂಟವಾದುದು. ಹೊರಗೋಡೆಯಲ್ಲಿ ಕೈಲಾಸವನ್ನೆತ್ತುವ ರಾವಣನಿದ್ದಾನೆ. ದೇವತೆಗಳ, ನರ್ತನದ, ಪುರಾಣಕಥೆಗಳ ಸಾಲುಗಳಿವೆ. ಬೇಲೂರಿಗೆ ಹೋಗಿಬಂದವರಲ್ಲಿ ಬಸರಾಳನ್ನು ಕಂಡವರು ಎಷ್ಟು ಮಂದಿ? ಮಂಡ್ಯದ ಮಗ್ಗುಲಲ್ಲಿಯೇ ಇದ್ದೂ ಅದು ನಮಗೆ ಬೇಲೂರಿಗಿಂತಲೂ ದೂರವಾಗಿದೆ.

ಮತ್ತೆ ಆತಕೂರಿಗೆ ಬರೋಣ. ಆ ಕಲ್ಲು ಈಗ ಅಲ್ಲಿಲ್ಲ. ಅದನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಒಯ್ದು ರಕ್ಷಿಸಲಾಗಿದೆ. ಹೀಗೆ ಒಯ್ದುದು ಸರಿಯೇ, ತಪ್ಪೇ? ಎರಡು ಕಡೆಗೂ ನ್ಯಾಯವಿದೆ. ಒಯ್ಯದೆ ಬಿಟ್ಟಿದ್ದರೆ ಆ ಕಲ್ಲು ಮಳೆಬಿಸಿಲಿಗೆ ಸವೆದು, ಯಾವುದಾದರೂ ತೂಬಿನ ಹಾಸುಗಲ್ಲಾಗಿಬಿಡುವ ಸಂಭವವಿತ್ತು. ನಾಡಿನ ಎಷ್ಟೋ ಶಾಸನಗಳ ಗತಿ ಹಾಗೆಯೇ ಆಗಿದೆ. ವಿದ್ವಾಂಸರಿಗೂ ವಿದ್ಯಾರ್ಥಿಗಳಿಗೂ ಅದು ಸುರಕ್ಷಿತವಾಗಿ ದೊರೆಯುವಂತಾದುದು ದೊಡ್ಡ ಲಾಭವೇ ಸರಿ. ಆದರೆ ಕಲ್ಲನ್ನು ನೆಟ್ಟವರ ಉದ್ದೇಶ ಅದನ್ನು ಉಳಿಸುವುದಷ್ಟೇ ಆಗಿರಲಿಲ್ಲ. ಇಂಥ ಗುಡಿಯ ಮುಂದೆ, ಇಂಥ ಕೆರೆಯ ಕೆಳಗಿನ ಗದ್ದೆಯ ಆಸರೆಯಲ್ಲಿ, ಇಂಥ ಗೊರವನ ಕೈಯಿಂದ ದಿನವೂ ಹೂವು ಬೀಳಬೇಕೆಂಬುದು ಅವರ ಸಂಕಲ್ಪ. ಕಲ್ಲು ಉಳಿಯಿತು, ಸಂಕಲ್ಪ ಉಳಿಯಲಿಲ್ಲ. ವಸ್ತುಸಂಗ್ರಹಾಲಯವು ಶಾಸನದ ಅಕ್ಷರಗಳನ್ನು ಕಾಪಾಡಬಲ್ಲುದೇ ಹೊರತು ಊರಿನ ನೆನಪನ್ನು ಕಾಪಾಡಲಾರದು. ಅದು ಊರಿನವರೇ ಮಾಡಬೇಕಾದ ಕೆಲಸ.

ಹಾಗಾದರೆ ನಾವು ಮಾಡಬೇಕಾದುದೇನು? ಮೊದಲನೆಯದು, ಗುಡಿಗೆ ಹೋದಾಗ ಒಳಗೆ ಹೋಗುವ ಮುನ್ನ ಹೊರಗೆ ಒಂದು ಸುತ್ತು ಬರುವುದು. ಬೇಲಿಯ ಬದಿಯಲ್ಲಿ, ಅರಳಿಕಟ್ಟೆಯ ಬುಡದಲ್ಲಿ ಓರೆಯಾಗಿ ನಿಂತ ಕಲ್ಲು ವೀರಗಲ್ಲಾಗಿರಬಹುದು. ಸಾಮಾನ್ಯವಾಗಿ ಅದರ ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ದೇವಕನ್ನಿಕೆಯರು ವೀರನನ್ನು ಮೇಲಕ್ಕೊಯ್ಯುವ ನೋಟ, ತುದಿಯಲ್ಲಿ ಶಿವಲಿಂಗದ ಪೂಜೆ ಇರುತ್ತದೆ. ಬಳೆ ತೊಟ್ಟ ತೋಳನ್ನು ಕೆತ್ತಿದ್ದರೆ ಅದು ಮಾಸ್ತಿಗಲ್ಲು. ಸೂರ್ಯಚಂದ್ರರನ್ನು ಕೆತ್ತಿದ್ದರೆ, ಅವರಿರುವವರೆಗೂ ದತ್ತಿ ನಡೆಯಲೆಂಬುದು ಅದರ ಅರ್ಥ. ಇಷ್ಟನ್ನು ಬಲ್ಲವನಿಗೆ ಹಾಳುಬಿದ್ದ ಗುಡಿಯ ಅಂಗಳವೂ ಒಂದು ಗ್ರಂಥಭಂಡಾರ.

ಎರಡನೆಯದು, ಹೋಗುವ ಮುನ್ನ ಓದುವುದು. ಮೈಸೂರು ವಿಶ್ವವಿದ್ಯಾನಿಲಯವು ರೈಸ್ ಅವರ ಸಂಪುಟಗಳನ್ನು ಪರಿಷ್ಕರಿಸಿ ಮತ್ತೆ ಪ್ರಕಟಿಸಿದೆ. 1979ರಲ್ಲಿ ಬಂದ ಏಳನೆಯ ಸಂಪುಟದಲ್ಲಿ ಮದ್ದೂರು, ಮಳವಳ್ಳಿ, ಮಂಡ್ಯ ಸೀಮೆಯ ಶಾಸನಗಳು ದೊರೆಯುತ್ತವೆ. ತಮ್ಮ ಊರಿನ ಹೆಸರು ಅದರಲ್ಲಿದೆಯೇ ಎಂದು ಹುಡುಕುವ ವಿದ್ಯಾರ್ಥಿಗೆ ಇತಿಹಾಸ ಬೇಸರದ ವಿಷಯವಾಗಿ ಉಳಿಯುವುದಿಲ್ಲ. ಮೂರನೆಯದು, ಜೀರ್ಣೋದ್ಧಾರದ ಉತ್ಸಾಹದಲ್ಲಿ ಎಚ್ಚರ. ಹಳೆಯ ಗುಡಿಯನ್ನು ಚೊಕ್ಕಟಗೊಳಿಸುವ ಭರದಲ್ಲಿ ಕಂಬಗಳಿಗೆ ಎಣ್ಣೆಬಣ್ಣ ಹಚ್ಚುವುದು, ಶಾಸನದ ಮೇಲೆ ಗಾರೆ ಮೆತ್ತುವುದು, ವೀರಗಲ್ಲನ್ನು ಮೆಟ್ಟಿಲಿಗೆ ಹಾಕುವುದು ಭಕ್ತಿಯ ಹೆಸರಿನಲ್ಲಿ ನಡೆಯುವ ಅಪಚಾರ. ಹೊಲ ಉಳುವಾಗ, ಅಡಿಪಾಯ ತೋಡುವಾಗ ಬರಹದ ಕಲ್ಲು ಕಂಡರೆ ಪುರಾತತ್ತ್ವ ಇಲಾಖೆಗೆ ತಿಳಿಸುವುದು ಪ್ರತಿಯೊಬ್ಬರ ಕರ್ತವ್ಯ.

ಅಂಗದ ಮೇಲಣ ಲಿಂಗವನ್ನೇ ಪೂಜಿಸುವ ನಮಗೆ ಸ್ಥಾವರ ದೇಗುಲಗಳ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಪೂಜೆಯ ದೃಷ್ಟಿಯಿಂದ ಆ ಪ್ರಶ್ನೆ ಯೋಗ್ಯವಾದುದೇ. ಆದರೆ ಇತಿಹಾಸದ ದೃಷ್ಟಿ ಬೇರೆ. ಗುಡಿಯ ಮುಂದಿನ ಕಲ್ಲು ಬೇಡುವುದು ನಮ್ಮ ಹರಕೆಯನ್ನಲ್ಲ, ನಮ್ಮ ಗಮನವನ್ನು. ಒಕ್ಕಲಿಗನ ಗದ್ದೆ, ಬಂಟನ ಶೌರ್ಯ, ಗೊರವನ ನಿಯಮ, ಮೂಕಪ್ರಾಣಿಯ ನಿಷ್ಠೆ ಇವುಗಳಿಗೆ ಬೇರೆಲ್ಲಿಯೂ ದೊರೆಯದ ಜಾಗ ಆ ಕಲ್ಲಿನಲ್ಲಿ ದೊರೆತಿದೆ. ದುಡಿದವರನ್ನು ನೆನೆಯುವುದಕ್ಕೆ ಯಾವ ಮತದ ಅಡ್ಡಿಯೂ ಇಲ್ಲ.

ಭಾರತೀನಗರದ ಕಡೆಗೆ ಬಂದವರು ಒಮ್ಮೆ ಆತಗೂರಿಗೆ ಹೋಗಿ ಬರಲಿ. ಮಕ್ಕಳನ್ನೂ ಜೊತೆಗೆ ಕರೆದೊಯ್ಯಲಿ. ಒಂದು ಸಾವಿರ ವರ್ಷಕ್ಕೂ ಹಿಂದೆ, ನಾಡನ್ನು ಬೇಡಬಹುದಾಗಿದ್ದ ವೀರನೊಬ್ಬ ನಾಯಿಯನ್ನು ಬೇಡಿದ ಕಥೆಯನ್ನೂ, ಆ ನಾಯಿಗೆ ಹೂವಿಡದೆ ಉಣ್ಣಬಾರದೆಂಬ ಕಟ್ಟಳೆಯನ್ನೂ ಆ ಊರಿನ ನೆಲದ ಮೇಲೆಯೇ ನಿಂತು ಹೇಳಲಿ. ಬೆಂಗಳೂರಿಗೆ ಹೋದಾಗ ಕಲ್ಲನ್ನು ತೋರಿಸಲಿ. ಗೊರವನ ಕಾಲ ಕಳೆದುಹೋಗಿದೆ. ಅವನ ಹೊಣೆಯಲ್ಲಿ ಪೂಜೆಯ ಭಾಗ ನಮ್ಮದಲ್ಲದಿದ್ದರೂ ನೆನೆಯುವ ಭಾಗ ನಮ್ಮದೇ ಆಗಿ ಉಳಿದಿದೆ.